ಗುಬ್ಬಿಗೆ ಹೋದ ಹೆಬ್ಬೆಟ್ಟು

ಗುಟ್ಟು ಕಾಪಾಡುವ ವಿಷಯದಲ್ಲಿ ತುಮಕೂರಿನ ಸದಾಶಿವನಗರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದೇ ಬಹಳ ಕಾಲ ನಂಬಿದ್ದೆ. ಪಾರ್ಸಲ್ ಮೇಲಿನ ವಿಳಾಸವನ್ನು ಚೂರುಚೂರು ಮಾಡಿ ಎರಡು ಬೇರೆ ಬೇರೆ ಕಸದ ಬುಟ್ಟಿಗೆ ಹಾಕುತ್ತೇನೆ. ಎಟಿಎಂ ಒಳಗೆ ನಾನೊಬ್ಬನೇ ಇದ್ದರೂ ಕೈ ಅಡ್ಡ ಹಿಡಿಯುತ್ತೇನೆ. ಒಮ್ಮೊಮ್ಮೆ ನನಗೇ ಕಾಣದೆ ತಪ್ಪು ನಂಬರ್ ಒತ್ತುತ್ತೇನೆ!

ಇಂಥ ನಾನು, ಅಂಗಡಿಯಲ್ಲಿ ಫೋನಿಗೆ ಬೆರಳಿಟ್ಟರೆ ದುಡ್ಡು ಹೋಗುತ್ತದೆ ಎಂದು ಕೇಳಿದಾಗ ಮೊದಲು ಹೌಹಾರಿದೆ. ಪಿನ್ ಕದ್ದರೆ ಬದಲಾಯಿಸಬಹುದು. ಬೆರಳಿನ ಗುರುತು ಕದ್ದರೆ ಬೇರೆ ಬೆರಳು ಎಲ್ಲಿಂದ ತರುವುದು? ಹುತ್ರಿದುರ್ಗದ ನಮ್ಮ ತಾತ ಹೆಬ್ಬೆಟ್ಟು ಒತ್ತುವ ಅವಮಾನ ಬೇಡವೆಂದು ಅರವತ್ತರಲ್ಲಿ ಸಹಿ ಕಲಿತವರು. ಅವರ ಮೊಮ್ಮಗ, ಬಿ.ಎ. ಪಾಸಾದವನು, ಅರವತ್ತು ತುಂಬುವ ಹೊತ್ತಿಗೆ ಮತ್ತೆ ಹೆಬ್ಬೆಟ್ಟಿಗೆ ಬಂದ! ಆದರೂ ಒತ್ತಿದೆ. ಫೋನು ಮೊದಲ ಸಲಕ್ಕೇ ಒಪ್ಪಿಕೊಂಡಿತು. ಏನೋ ಸಾಧಿಸಿದ ಹೆಮ್ಮೆಯಾಯಿತು.

ನನ್ನ ಹೆಂಡತಿ ಗಿರಿಜಾಗೂ ಅದೇ ಬೇಕಾಯಿತು. ಸೀರೆಗಳಿಗೆ ಫಾಲ್ಸ್ ಹೊಲಿದು ಬಂದ ದುಡ್ಡು ಅವಳ ಖಾತೆಯಲ್ಲೇ ಇರುತ್ತದೆ. ಆದರೆ ಪಿನ್ ನೆನಪಿರುವುದಿಲ್ಲ.

“ಬೆರಳಾದ್ರೆ ಮರೆಯೋಕಾಗಲ್ಲ ಅಲ್ವೇನ್ರೀ? ಇನ್ಮೇಲೆ ನಾನೊಬ್ಳೇ ಅಂಗಡೀಗೆ ಹೋಗಿ ಬರ್ತೀನಿ,” ಎಂದಳು.

ಅವಳ ಹೆಬ್ಬೆಟ್ಟನ್ನು ಫೋನು ಒಪ್ಪಲಿಲ್ಲ. ನಾಲ್ಕು ಸಲ ಒತ್ತಿದಳು. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಊಹೂಂ!

“ಹೆಬ್ಬೆಟ್ಟು ಒತ್ತೋಕೂ ಬರಲ್ವೇನೇ ನಿಂಗೆ?” ಎಂದು ಗದರಿದೆ. ನನ್ನ ಕಾಫಿ ಬೇರೆ ಆರುತ್ತಿತ್ತು. ಅವಳ ಫೋನಿಗೂ ನನ್ನ ಹೆಬ್ಬೆಟ್ಟನ್ನೇ ಒತ್ತಿ ಕೆಲಸ ಮುಗಿಸಿದೆ. ಅಂದಿನಿಂದ ಗೇಟಿನ ಮುಂದೆ ತರಕಾರಿ ಗಾಡಿ ನಿಂತರೆ ಅವಳು ಸೊಪ್ಪು ಆರಿಸುವುದು, ನಾನು ಹೆಬ್ಬೆಟ್ಟು ಹಿಡಿದು ಆಚೆ ಬರುವುದು. ಈ ವ್ಯವಸ್ಥೆಗೆ ‘ಸುರಕ್ಷತೆ’ ಎಂದು ನಾನೇ ನಾಮಕರಣ ಮಾಡಿದೆ.

ಕಳೆದ ತಿಂಗಳು ಗಿರಿಜಾ ಗುಬ್ಬಿಯ ಅಕ್ಕನ ಮನೆಗೆ ಹೋದಳು. ಮಧ್ಯಾಹ್ನ ಅವಳ ಫೋನ್ ಬಂತು.

“ರೀ, ಬಟ್ಟೆ ಅಂಗಡೀಲಿದೀನಿ. ದುಡ್ಡು ಕಳ್ಸೋಕೆ ಬೆರಳು ಕೇಳ್ತಿದೆ. ಪಿನ್ ಹೇಳಿ.”

“ಏನು! ಫೋನಲ್ಲಿ ಪಿನ್ನಾ? ಯಾರಾದ್ರೂ ಕೇಳಿಸ್ಕೊಂಡ್ರೆ?”

“ನಾನು, ಅಕ್ಕ, ಅಂಗಡಿಯಮ್ಮ, ಅಷ್ಟೇ ಇರೋದು.”

“ಮೂರು ಜನ! ಸಾಧ್ಯವೇ ಇಲ್ಲ ಕಣೇ. ನಿಮ್ಮಕ್ಕನ ಹತ್ರ ಇಸ್ಕೊ.”

“ಆಗಲ್ಲ. ಇದು ನನ್ನ ದುಡ್ಡಲ್ಲೇ ಆಗ್ಬೇಕು. ಪಿನ್ ಹೇಳಲ್ವಾ? ಹಂಗಾದ್ರೆ ಹೆಬ್ಬೆಟ್ಟು ತಗೊಂಡು ಬನ್ನಿ!” ಎಂದಳು.

ಒಂದು ಬೆರಳನ್ನು ತಲುಪಿಸಲು ಇಡೀ ಮನುಷ್ಯ ಬಸ್ ಹತ್ತಿದ. ಮುಟ್ಟಿದ ವಸ್ತುವಿನಿಂದಲೇ ಬೆರಳಚ್ಚು ಕದಿಯುತ್ತಾರೆ ಎಂದು ಯಾವುದೋ ಗ್ರೂಪಿನಲ್ಲಿ ಓದಿದ್ದೆ. ಬಸ್ಸಿನಲ್ಲಿ ಕಂಬಿ ಹಿಡಿಯಬೇಕಲ್ಲ! ಹೆಬ್ಬೆಟ್ಟಿಗೆ ಬಿಗಿಯಾಗಿ ಬ್ಯಾಂಡೇಜು ಸುತ್ತಿಕೊಂಡಿದ್ದೆ.

“ಏಟಾಯ್ತಾ ಸಾಮಿ? ಕೂತ್ಕಳಿ ಬುಡಿ,” ಎಂದು ಒಬ್ಬ ಅಜ್ಜ ಎದ್ದು ಸೀಟು ಬಿಟ್ಟುಕೊಟ್ಟ. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ನಿಜ ಹೇಳಲು ನಾಚಿಕೆ. ಕೂತುಬಿಟ್ಟೆ!

ಅಂಗಡಿಯಲ್ಲಿ ಎಲ್ಲರ ಎದುರು ಬ್ಯಾಂಡೇಜು ಬಿಚ್ಚಿದೆ. ಬೆವರಿ, ಬಿಳಿಚಿ, ಸುಕ್ಕುಗಟ್ಟಿದ ನನ್ನ ಹೆಬ್ಬೆಟ್ಟನ್ನು ಫೋನು ಗುರುತಿಸಲೇ ಇಲ್ಲ! ಒರೆಸಿಕೊಂಡು ಮತ್ತೆ ಒತ್ತಿದೆ. ಊಹೂಂ!

“ನಿಮ್ಮೆಜಮಾನ್ರಿಗೂ ಒತ್ತೋಕೆ ಬರಲ್ವಲ್ಲೇ ಗಿರಿಜಾ!” ಎಂದರು ಅವಳ ಅಕ್ಕ.

ಕೊನೆಗೆ ಗೋಡೆಗೆ ಮುಖ ಮಾಡಿ ನಿಂತು ಪಿನ್ ಒತ್ತಿ ದುಡ್ಡು ಕಳಿಸಿದೆ. ತಿರುಗಿದಾಗ ಟೇಬಲ್ ಮೇಲಿದ್ದ ಬಟ್ಟೆ ಕಣ್ಣಿಗೆ ಬಿತ್ತು. ಜರಿ ಅಂಚಿನ ಪಂಚೆ, ಶಲ್ಯ. ಗಿರಿಜಾ ಸೆರಗಿನಿಂದ ಮುಚ್ಚಲು ಹೋದಳು. ತಡವಾಗಿತ್ತು.

“ನೋಡೇಬಿಟ್ರಾ? ಮುಂದಿನ ವಾರ ನಿಮ್ಗೆ ಅರವತ್ತು ತುಂಬುತ್ತಲ್ಲ. ನಿಮ್ಗೆ ಗೊತ್ತಾಗ್ದಂಗೆ ತರೋಣ ಅಂತ ಗುಬ್ಬೀವರೆಗೂ ಬಂದೆ. ನಿಮ್ಮ ಬೆರಳಿಲ್ದೆ ನಂಗೊಂದು ಗುಟ್ಟೂ ಇಟ್ಕೊಳ್ಳೋಕಾಗಲ್ವಲ್ರೀ.”

ನನಗೆ ಕಣ್ಣು ತುಂಬಿ ಬಂತು. ಊರಿನವರಿಂದೆಲ್ಲ ನನ್ನ ಗುಟ್ಟು ಬಚ್ಚಿಟ್ಟವನು, ಹೆಂಡತಿಗೆಂದು ಒಂದೇ ಒಂದು ಗುಟ್ಟನ್ನೂ ಉಳಿಸಿರಲಿಲ್ಲ.

ಅಲ್ಲೇ ಕೂತು ಅವಳ ಒಂದೊಂದೇ ಬೆರಳು ಹಿಡಿದು ಒತ್ತಿಸಿದೆ. ಬಿಸಿ ಮುದ್ದೆ ಕಟ್ಟಿ, ಕಾಯಿ ತುರಿದು, ಪಾತ್ರೆ ಉಜ್ಜಿ, ಸೂಜಿ ಹಿಡಿದು ಗೆರೆಗಳೇ ಸವೆದುಹೋಗಿದ್ದವು. ಮೂವತ್ತು ವರ್ಷದಲ್ಲಿ ಆ ಬೆರಳುಗಳನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಒಂಬತ್ತು ಬೆರಳು ಮುಗಿಯಿತು. ಉಳಿದಿದ್ದು ಎಡಗೈ ಕಿರುಬೆರಳು. ಫೋನು ಒಪ್ಪಿತು! ನನ್ನ ಹೆಬ್ಬೆಟ್ಟನ್ನು ನಾನೇ ಅಳಿಸಿಹಾಕಿದೆ.

“ಈಗ ನೀವು ಆಚೆ ನಿಂತ್ಕೊಳ್ಳಿ. ಇನ್ನೊಂದೇನೋ ತಗೋಬೇಕು,” ಎಂದಳು.

ನಿಂತೆ. ಗಾಜಿನ ಬಾಗಿಲಿನಾಚೆ ಅವಳು ಕಿರುಬೆರಳು ಇಟ್ಟು, ಅಕ್ಕನ ಕಡೆ ತಿರುಗಿ ನಕ್ಕಿದ್ದು ಕಾಣಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಬೆರಳುಗಳನ್ನು ನೋಡಿಕೊಂಡೆ. ಹತ್ತಕ್ಕೆ ಹತ್ತೂ ಹೊಸ ನೋಟಿನಂತೆ ಸ್ಪಷ್ಟ! ಫೋನು ಮೊದಲ ಸಲಕ್ಕೇ ಒಪ್ಪಿಕೊಂಡದ್ದು ಯಾಕೆಂದು ಆಗ ತಿಳಿಯಿತು. ಇಷ್ಟು ವರ್ಷ ಮನೆಯಲ್ಲಿ ನಾನೇನೂ ಮಾಡಿಲ್ಲ ಎಂಬುದನ್ನು ಬೆರಳ ತುದಿಯಲ್ಲೇ ಬರೆದುಕೊಂಡು ಊರೆಲ್ಲ ತಿರುಗುತ್ತಿದ್ದೆ!

ಈಗ ಮೂರು ವಾರದಿಂದ ಪಾತ್ರೆ ಉಜ್ಜುವುದು ನಾನೇ. ನಿನ್ನೆ ಗಿರಿಜಾಗೆ ಹೆಬ್ಬೆಟ್ಟು ತೋರಿಸಿ, “ಸವೆದಿದೆಯೇನೇ?” ಎಂದು ಕೇಳಿದೆ.

ಕನ್ನಡಕ ಹಾಕಿಕೊಂಡು, ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

“ಸೋಪು ಅಂಟಿದೆ ಅಷ್ಟೇ. ಇನ್ನೊಂದು ಮೂವತ್ತು ವರ್ಷ ಉಜ್ಜಿ, ಆಮೇಲೆ ನೋಡೋಣ,” ಎಂದಳು.