ಬೀಜ ಕಡಿಮೆಯ ಸೀತಾಫಲ

ಸೀತಾಫಲದ ಸಂಶೋಧನೆಯಲ್ಲಿ ನಗುವಂಥದ್ದೇನಿರುತ್ತದೆ ಎಂದು ನೆಂಟರು ಕೇಳುತ್ತಾರೆ. ನಾನು ಹುಡುಕಿಕೊಂಡು ಹೋಗುವುದಿಲ್ಲ. ಅಂಥವು ತಾವಾಗಿಯೇ ನಡೆಯುತ್ತವೆ.

ತೆಲಂಗಾಣದ ಗುಡ್ಡಗಳಲ್ಲಿ ತಾನೇ ಹುಟ್ಟಿ ಬೆಳೆದ ಸೀತಾಫಲದಲ್ಲಿ ಒಂದು ಮರದಂತೆ ಇನ್ನೊಂದಿಲ್ಲ. ಒಂದರ ಹಣ್ಣು ಸಕ್ಕರೆಯಂತೆ, ಒಂದರದು ಮುಟ್ಟಿದರೆ ಒಡೆಯುತ್ತದೆ, ಬಹುಪಾಲಿನಲ್ಲಿ ಬೀಜವೇ ಬೀಜ. ಅವುಗಳ ಕಸಿಗಿಡಗಳನ್ನು ಹೈದರಾಬಾದಿನ ಹೊರಗಿನ ನಮ್ಮ ತೋಟದಲ್ಲಿ ಬೆಳೆಸಿ, ಒಂದರ ಗುಣ ಇನ್ನೊಂದಕ್ಕೆ ಕೂಡಿಸುವುದು ನನ್ನ ಕೆಲಸ. ನಿವೃತ್ತಿಗೆ ಮೊದಲು ಬೀಜ ಕಡಿಮೆ ಇರುವ ಒಂದೇ ಒಂದು ಮರ ಸಿಗಬೇಕು ಎಂಬುದು ನನ್ನ ಹಟ. ಕಾನ್ವೆಂಟಿನಲ್ಲಿ ಓದಿದವಳು ನಾನು. ತೋಟದಲ್ಲಿ ಕಸ ಬೀಳಬಾರದು, ಊಟದ ಮೇಜಿನಲ್ಲಿ ಚಪ್ಪರಿಸಬಾರದು, ಉಗುಳಬಾರದು.

ಶಾದಿಯ ಮಾತು

ಮೆಹದಿಪಟ್ಟಣಂ ಬಸ್ ನಿಲ್ದಾಣದ ಬಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದವಳನ್ನು ವಿಚಾರಿಸಿದೆ. ಯಾವ ಗುಡ್ಡದ ಹಣ್ಣು? ಮರಕ್ಕೆಷ್ಟು ವಯಸ್ಸು? ಅಕ್ಕಪಕ್ಕದ ಮರಗಳು ಎಂಥವು?

ಅವಳು ಬುಟ್ಟಿಗೆ ಎಲೆ ಮುಚ್ಚಿ, "ಖಾನಾ ಹೈ ಕೀ ಶಾದಿ ಕರಾನಾ ಹೈ, ಅಮ್ಮಾ?" ಎಂದಳು, ತಿನ್ನುವುದಕ್ಕೋ ಮದುವೆ ಮಾಡಿಸುವುದಕ್ಕೋ ಎಂದು.

ಸುಳ್ಳು ನನಗೆ ಬರುವುದಿಲ್ಲ. "ಶಾದಿಗೇ" ಎಂದೆ.

"ಹಾಗಾದರೆ ಹುಡುಗನನ್ನು ಕರೆದುಕೊಂಡು ಬನ್ನಿ. ನಮ್ಮ ಹಣ್ಣೂ ಅವನನ್ನು ನೋಡಬೇಕಲ್ಲ!"

ಸ್ವಚ್ಛ ತೋಟ

ಕುಂಚದಿಂದ ಪರಾಗ ಮುಟ್ಟಿಸಿದ ಹೂವಿಗೆ ಬೇರೆ ಪರಾಗ ತಾಗದಂತೆ ಕಾಗದದ ಚೀಲ ತೊಡಿಸಿ ದಾರ ಕಟ್ಟುತ್ತೇವೆ. ಮೇಲಧಿಕಾರಿಗಳು ಬರುವವರಿದ್ದರು. ಹೊಸ ಕಾವಲುಗಾರನಿಗೆ, "ತೋಟದಲ್ಲಿ ಒಂದು ಚೂರು ಕಾಗದವೂ ಕಾಣಬಾರದು" ಎಂದೆ. ಯಾದಗಿರಿ ಕಡೆಯವನು, ವಿಧೇಯ.

ಬೆಳಿಗ್ಗೆ ನೋಡಿದರೆ ಒಂದು ಹೂವಿನ ಮೇಲೂ ಚೀಲವಿಲ್ಲ.

"ಗಿಡದ ಮ್ಯಾಲಿನವೂ ಬಿಟ್ಟಿಲ್ರಿ ಮೇಡಂ. ಯಾರೋ ದಾರ ಕಟ್ಟಿ ಸಿಗಿಸಿ ಹೋಗ್ಯಾರ. ಎಂಥಾ ಶಿಸ್ತಿಲ್ಲದ ಮಂದಿ ಇರ್ತಾರ ನೋಡ್ರಿ!"

ಅಧಿಕಾರಿಗಳು ತೋಟವನ್ನು ಬಾಯಿ ತುಂಬ ಹೊಗಳಿದರು. ಅವರು ಹೊರಟ ಮೇಲೆ ಆ ಶಿಸ್ತಿಲ್ಲದವಳು ಮತ್ತೆ ಕುಂಚ ಹಿಡಿದಳು.

ಒಂದೇ ಹಣ್ಣು

ಹೋದ ವರ್ಷ ಒಂದು ಎಳೆಯ ಮರ ಮೊದಲ ಸಲ ಕಾಯಿ ಬಿಟ್ಟಿತು, ಒಂದೇ ಒಂದು. ಅದು ಭಾನುವಾರವೇ ಹಣ್ಣಾಯಿತು, ಸೋಮವಾರ ಪ್ರಯೋಗಾಲಯ ತೆರೆಯುವವರೆಗೆ ನಿಲ್ಲುವಂತಿರಲಿಲ್ಲ. ಡಾಕ್ಟರು ನನಗೆ ಸೀತಾಫಲ ತಿನ್ನಬಾರದು ಎಂದಿದ್ದಾರೆ. ಹಾಗಾಗಿ ಗಂಡನನ್ನು ಮೇಜಿಗೆ ಕೂರಿಸಿ, ತಟ್ಟೆ, ಚಮಚ ಕೊಟ್ಟು ಎದುರಿಗೇ ಕುಳಿತೆ. ಅವರು ನಿಧಾನವಾಗಿ, ಸದ್ದಿಲ್ಲದೆ ತಿಂದರು. ನಡುವೆ ಫೋನ್ ಬಂದು ಒಳಗೆ ಹೋಗಿ ಬಂದೆ. ಹಣ್ಣು ಮುಗಿದಿತ್ತು. ತಟ್ಟೆಯಲ್ಲಿ ನಾಲ್ಕೇ ಬೀಜ!

ನನಗೆ ಕಣ್ಣು ತುಂಬಿ ಬಂತು. ಕೂಡಲೇ ಸಹೋದ್ಯೋಗಿಗೆ ಫೋನ್ ಮಾಡಿ, "ಮರ ಸಿಕ್ಕಿತು" ಎಂದೆ. ಪಾಯಸ ಮಾಡಿದೆ. ಮನೆಯವರು ಬಟ್ಟಲನ್ನು ಆಚೆ ಸರಿಸಿದರು.

"ಯಾಕ್ರಿ, ಪಾಯಸ ಬ್ಯಾಡೇನು?"

"ಹೊಟ್ಟ್ಯಾಗ ಜಾಗಾ ಇಲ್ಲ."

"ಒಂದು ಹಣ್ಣಿಗೇ?"

"ಹಣ್ಣಿಗಲ್ಲ, ಬೀಜಕ್ಕ. ಟೇಬಲ್ ಮ್ಯಾಲೆ ಉಗುಳಬಾರದು ಅಂತ ನೀನ ಅಂತೀಯಲ್ಲ. ಎದುರಿಗೆ ಕಣ್ಣು ಬಿಟ್ಕೊಂಡು ಕುಂತಿದ್ದಿ. ನುಂಗಿದೆ."

ನಾನು ತಟ್ಟೆ ತೋರಿಸಿದೆ. "ಮತ್ತ ಈ ನಾಕು?"

"ಅವು ನೀ ಫೋನಿಗೆ ಹೋದಾಗ ಉಗುಳಿದ್ದು. ನೀ ಹೋಗದಿದ್ರ, ಬೀಜಾನ ಇಲ್ಲದ ತಳಿ ಸಿಗತಿತ್ತು ನೋಡು."