ನಮ್ಮ ಮನೆಯಿಂದ ಹೋದವರು

ನಾನು ದೆವ್ವಕ್ಕೆ ಹೆದರುವವನಲ್ಲ, ಆಯ್ಕೆಗೆ ಹೆದರುವವನು. ಹಿರಿಯೂರಿನ ಕಾಲೇಜಿನಲ್ಲಿ ಗಣಿತ ಕಲಿಸುವ ನಾನು ಬಿಡುವಿನಲ್ಲಿ ತಲೆ ಕೆಡಿಸಿಕೊಳ್ಳುವ ವಿಷಯವನ್ನು ಹೆಂಡತಿ ಸರೋಜಳಿಗೆ ಒಮ್ಮೆ ವಿವರಿಸಿದ್ದೆ. ಟೊಪಾಲಜಿಕಲ್ ಗ್ರೂಪ್ ಒಂದು ದೊಡ್ಡ ಊರು. ಅದನ್ನು ಕೋಸೆಟ್ ಎಂಬ ಮನೆಗಳಾಗಿ ಪಾಲು ಮಾಡಿ, ಮನೆಗೊಬ್ಬ ಪ್ರತಿನಿಧಿಯನ್ನು ಕರೆಯಬೇಕು. ಆರಿಸಲು ಒಳ್ಳೆಯ ಕ್ರಮವಿದ್ದರೆ ಬಂದವರ ಗುಂಪನ್ನು ಅಳೆಯಬಹುದು. ಕ್ರಮವಿಲ್ಲದಿದ್ದರೂ ಪ್ರತಿನಿಧಿಗಳು ಇದ್ದೇ ಇರುತ್ತಾರೆ, ಯಾರೆಂದು ಮಾತ್ರ ಹೇಳಲಾಗದು. ಆಗ ಬಂದವರ ಗುಂಪಿಗೆ ಅಳತೆಯೇ ಇರದೆ ಹೋಗಬಹುದು. "ಅಂದ್ರೆ ಅಕ್ಕಿ ಎಷ್ಟು ಹಾಕ್ಬೇಕು ಅಂತ ಗೊತ್ತಾಗಲ್ಲ ಅನ್ರಿ," ಎಂದಳು. ನನ್ನ ಪಿಎಚ್.ಡಿ. ಗೈಡ್ ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮಾರಿಕಣಿವೆ ಹತ್ತಿರದ ನಮ್ಮೂರಿನಲ್ಲಿ ತಿಥಿಯೂಟಕ್ಕೆ ಮನೆಗೊಬ್ಬರು ಹೋಗುವುದು ವಾಡಿಕೆ. ಪಕ್ಕದ ಮನೆಯ ಶಿವಣ್ಣ ನನ್ನ ಬಾಲ್ಯದ ಗೆಳೆಯ. ಗೋಡೆಯ ಮೇಲೆ ವಾಲಿದ ತೆಂಗಿನ ಮರದ ಜಗಳದಲ್ಲಿ ಮಾತು ಬಿಟ್ಟಿದ್ದ. ಈಗ ಅವನ ತಾಯಿ ತೀರಿಕೊಂಡಿದ್ದರು. ನನಗೂ ತುತ್ತಿಟ್ಟ ಕೈ ಅದು. ಈ ಊಟಕ್ಕೆ ಹೋಗದಿದ್ದರೆ ನಮ್ಮ ಸ್ನೇಹಕ್ಕೂ ಅವತ್ತೇ ತಿಥಿ. ನಮ್ಮ ಮನೆಯಲ್ಲಿರುವುದು ನಾವಿಬ್ಬರೇ. "ನೀವೇ ಹೋಗ್ರಿ," ಎಂದಳು ಸರೋಜ. ಏನು ಮಾತಾಡಲಿ ಎಂದು ಬೆಳಗಿನಿಂದ ಅವಳ ಕಣ್ಣೆದುರೇ ಶತಪಥ ಹಾಕಿ, ಮಧ್ಯಾಹ್ನ ಹೊರಟೆ.

ಬಾಗಿಲಲ್ಲೇ ಶಿವಣ್ಣ ಕೈ ಹಿಡಿದ. "ಬಾರಪ್ಪ. ನಿಮ್ಮನೆಯಿಂದ ಆಗ್ಲೇ ಒಬ್ರು ಬಂದು ಉಂಡು ಹೋದ್ರಲ್ಲ. ಅವ್ವನ ಬಗ್ಗೆ ಎಂಥಾ ಮಾತಾಡಿದ್ರು! ನನ್ನ ಸಿಟ್ಟೆಲ್ಲ ಇಳಿದೋತು."

"ಯಾರೋ ಬಂದಿದ್ದು?"

ಅವನು ಹೆಸರು ಹೇಳಲು ಬಾಯಿ ತೆರೆದ. ಹಣೆ ಬೆವರಿತು. "ನಿಮ್ಮನೆಯೋರೇ ಕಣಲೇ. ಗಂಡಸೋ ಹೆಂಗಸೋ... ಮುಖ ನೆಪ್ಪಿಗೆ ಬರವಲ್ದು." ಬಡಿಸುವವನೂ ತಲೆಯಾಡಿಸಿದ. "ಹೌದ್ರಿ, ಆ ಮೂಲ್ಯಾಗೆ ಕುಂತಿದ್ರು." ಮೂಲೆಯಲ್ಲಿ ಉಂಡು ಮಡಚಿದ ಎಲೆಯಿತ್ತು.

ನಮ್ಮಿಂದ ಯಾರೂ ಬಂದಿಲ್ಲ ಎಂದರೆ ಇಳಿದ ಸಿಟ್ಟು ಮತ್ತೆ ಏರುತ್ತದೆ. "ಓ, ಅವರಾ," ಎಂದೆ. ಶಿವಣ್ಣ ನನ್ನನ್ನು ತಬ್ಬಿಕೊಂಡು ಅತ್ತ. ನಾನೂ ಅತ್ತೆ, ಅರ್ಧ ದುಃಖಕ್ಕೆ, ಅರ್ಧ ಭಯಕ್ಕೆ. ನಮ್ಮ ಮನೆಯ ಪಾಲಿನ ಎಲೆ ಆಗಿಹೋಗಿದ್ದರಿಂದ ಊಟಕ್ಕೆ ಮಾತ್ರ ನನ್ನನ್ನು ಯಾರೂ ಕರೆಯಲಿಲ್ಲ.

ಹಸಿದು ಬಂದು ಸರೋಜಳಿಗೆ ಹೇಳಿದೆ. ಅವಳು ನಡುಮನೆಯ ಕತ್ತಲೆಯ ಕಡೆ ಒಮ್ಮೆ ನೋಡಿ, "ಯಾರಾದ್ರೂ ಆಗ್ಲಿ, ನಿಮಗಿಂತ ಮಾತು ಬಲ್ಲೋರು. ಇನ್ಮೇಲೆ ಎಲ್ಲದಕ್ಕೂ ಅವರನ್ನೇ ಕಳ್ಸಾಣ," ಎಂದಳು.

ಶಿವಣ್ಣ ಈಗ ದಿನಾ ಗೋಡೆಯಾಚೆಯಿಂದ ಮಾತಾಡಿಸುತ್ತಾನೆ. "ಅವತ್ತು ಬಂದಿದ್ದೋರು ಆರಾಮ ಅದಾರಾ?" ಎಂದು ಕೇಳುತ್ತಾನೆ. ಆರಾಮ ಎನ್ನುತ್ತೇನೆ. ನಾನು ಹೇಗಿದ್ದೇನೆಂದು ಇವತ್ತಿನವರೆಗೂ ಕೇಳಿಲ್ಲ.