ಎಡಗಡೆಯ ಪೆಟ್ಟಿಗೆಯವರ ಹೊಟ್ಟೆಯಲ್ಲಿರುವ ಕೌದಿ

ಸನ್ಮಾನ್ಯ ಎಡಗಡೆಯ ಸ್ಪೀಕರ್ ಪೆಟ್ಟಿಗೆಯವರ ಸನ್ನಿಧಿಗೆ,
ನಮ್ಮ ಮನೆಯ ಹಾಲ್, ಕಿಟಕಿಯ ಪಕ್ಕ, ಕೊಟ್ಟೂರು.

ಮಾನ್ಯರೇ,

ತಮ್ಮ ಮೈಗೆ ಧೂಳು ಸೋಕದಿರಲಿ, ತಮ್ಮ ತಂತಿಗಳನ್ನು ಇಲಿ ಕಡಿಯದಿರಲಿ, ಕರೆಂಟು ಹೋಗಿ ಬಂದು ಮಾಡುವ ಈ ಊರಿನಲ್ಲಿ ತಮ್ಮ ದನಿ ಎಂದೂ ಒಡೆಯದಿರಲಿ ಎಂದು ಹಾರೈಸುತ್ತಾ, ಇದೇ ಮನೆಯ ಅಡುಗೆಮನೆಯಲ್ಲಿ ವಾಸವಾಗಿರುವ ನಾನು ತಮ್ಮಲ್ಲಿ ಮಾಡಿಕೊಳ್ಳುವ ಅರಿಕೆ ಇದು. ತಾವು ನನ್ನನ್ನು ಗುರುತಿಸಿರಲಾರಿರಿ. ಬೆಳಿಗ್ಗೆ ಸಂಜೆ ತಮ್ಮನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವ ಕ್ರಾಂತಿಕುಮಾರ್ ಅವರ ಹೆಂಡತಿ ಕೋಮಲಾ ನಾನು. ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಕೆಲಸ, ಸದ್ಯ ಹೆರಿಗೆ ರಜೆ. ಮನುಷ್ಯರಿಗೆ ಬಾಯಿಬಿಟ್ಟು ಹೇಳಿ ಹೇಳಿ ಗಂಟಲು ಒಣಗಿರುವುದರಿಂದ, ಪೆಟ್ಟಿಗೆಗಾದರೂ ಬರೆದು ನೋಡೋಣ ಎಂದು ಕೂತಿದ್ದೇನೆ. ತಮ್ಮಿಂದ ತೃಪ್ತಿಕರ ಉತ್ತರ ಬಾರದಿದ್ದಲ್ಲಿ ಇದನ್ನು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೂ ಹಾಕಲಾಗುವುದು.

ಮೊದಲಿಗೆ ತಮ್ಮ ಹಿರಿಮೆಯನ್ನು ತುಂಬು ಮನಸ್ಸಿನಿಂದ ಒಪ್ಪಿಕೊಳ್ಳುತ್ತೇನೆ. ಬೇರೆಯವರ ಮನೆಯ ಪೆಟ್ಟಿಗೆಗಳಲ್ಲಿ ದಪ್ಪ ದನಿಗೊಂದು, ಸಣ್ಣ ದನಿಗೊಂದು ಎಂದು ಎರಡು ಮೂರು ಸ್ಪೀಕರು ಇರುತ್ತವಂತೆ. ತಾವಾದರೋ ಫುಲ್ ರೇಂಜ್. ಅಂದರೆ ಡೊಳ್ಳಿನ ಗುಮ್ಮಿನಿಂದ ಹಿಡಿದು ಗೆಜ್ಜೆಯ ಕಿಣಿಕಿಣಿಯವರೆಗೆ ಎಲ್ಲವನ್ನೂ ಒಂದೇ ಬಾಯಿಂದ ಹೊರಡಿಸುವ ದೊಡ್ಡ ಮನೆತನ. ಈ ಸಂಗತಿಯನ್ನು ನನ್ನ ಯಜಮಾನರು ನನಗೂ, ಹಾಲಿನವನಿಗೂ, ಗ್ಯಾಸ್ ಸಿಲಿಂಡರ್ ತಂದವನಿಗೂ ವಿವರಿಸಿದ್ದಾರೆ. ಸಿಲಿಂಡರಿನವನು ಅದನ್ನು ಹೆಗಲಿನಿಂದ ಇಳಿಸಲು ಬಿಡುವು ಸಿಗದೆ ಹೊತ್ತುಕೊಂಡೇ ಪೂರ್ತಿ ಕೇಳಿದ.

ತಮ್ಮ ಜನನ ನಾನು ಊರಲ್ಲಿಲ್ಲದಾಗ ಆಯಿತು. ನಾನು ಹೆರಿಗೆಗೆಂದು ಹೊಸಹಳ್ಳಿಯ ತವರಿಗೆ ಹೋದೆ. ಅಲ್ಲಿ ನನಗೆ ಮಗಳು ಹುಟ್ಟಿದಳು, ಇಲ್ಲಿ ಇವರಿಗೆ ತಾವು ಹುಟ್ಟಿದಿರಿ. ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕರಾಗಿರುವ ನನ್ನ ಯಜಮಾನರು ಸಂಜೆ ಖಾಲಿ ಮನೆಗೆ ಬಂದು, ಫೋನಿನಲ್ಲಿ ಯಾರೋ ಪೆಟ್ಟಿಗೆ ಮಾಡುವುದನ್ನು ನೋಡಿ, ಹರಪನಹಳ್ಳಿಯಿಂದ ಪ್ಲೈವುಡ್ ತರಿಸಿ, ಬಡಗಿ ರಾಜಾಸಾಬ್ ಅವರ ಕೈಯಲ್ಲಿ ಹಲಗೆ ಕೊಯ್ಯಿಸಿ, ಮುಂದೆ ದುಂಡಗೆ ತೂತು ತೆಗೆಸಿ, ಅಂಟು ಮೆತ್ತಿ, ತಮ್ಮನ್ನೂ ತಮ್ಮ ಬಲಗಡೆಯ ಸೋದರರನ್ನೂ ನಿಲ್ಲಿಸಿದರು. ಬಚ್ಚಲ ನೀರು ಹೊರಹೋಗಲೆಂದು ತಂದಿಟ್ಟಿದ್ದ ಪೈಪು ತಮ್ಮ ಬೆನ್ನಿಗೆ ಹೋಯಿತು. ಗಾಳಿ ಸರಿಯಾಗಿ ಆಡಿ ದಪ್ಪ ದನಿ ಬರಲು ಆ ಪೈಪಿನ ಉದ್ದ ಹದವಾಗಿರಬೇಕಂತೆ. ಹಾಗಾಗಿ ಒಂದು ಬೆರಳಿನಷ್ಟು ಪೈಪು ಕೊಯ್ಯುವುದು, ಕೇಳುವುದು, ಮತ್ತೊಂದು ಬೆರಳು ಕೊಯ್ಯುವುದು. ಹೆಚ್ಚು ಕೊಯ್ದಾಗ ಹೊಸ ಪೈಪು. ಬಚ್ಚಲ ನೀರು ಇವತ್ತಿಗೂ ಹಿತ್ತಲಲ್ಲಿ ತನಗೆ ತೋಚಿದ ಕಡೆ ಹರಿದುಹೋಗುತ್ತಿದೆ.

ಇಷ್ಟಕ್ಕೆ ನನ್ನ ತಕರಾರಿಲ್ಲ. ಕುಡಿಯುವ ಗಂಡಸರಿದ್ದಾರೆ, ಇಸ್ಪೀಟು ಆಡುವವರಿದ್ದಾರೆ, ನನ್ನವರು ಪೈಪು ಕೊಯ್ಯುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ನನ್ನ ತಕರಾರು ಇರುವುದು ತಮ್ಮ ಹೊಟ್ಟೆಯೊಳಗೆ.

ತಮಗೆ ತಿಳಿಯದಿರಬಹುದು, ನಮ್ಮ ಕಡೆ ಕೂಸನ್ನು ಮಲಗಿಸಲು ಅಜ್ಜಿ ಕೌದಿ ಹೊಲಿದುಕೊಡುತ್ತಾಳೆ. ಅಂಗಡಿಯ ಬಟ್ಟೆ ಎಷ್ಟೇ ಮೆತ್ತಗಿದ್ದರೂ ಅದಕ್ಕೆ ಬಾರದು; ಉಟ್ಟು, ಒಗೆದು, ಸವೆದು ಹಾಲಿನ ಕೆನೆಯಂತಾದ ಸೀರೆಯೇ ಆಗಬೇಕು. ನನ್ನ ಅವ್ವ ಮಾಳಮ್ಮ ಹೊಲಿದ ಕೌದಿಯಲ್ಲಿ ಅವಳು ಕೂಲಿಗೆ ಹೋಗುವಾಗ ಉಡುತ್ತಿದ್ದ ನೀಲಿ ಸೀರೆ ಇದೆ, ನನ್ನ ಅಜ್ಜಿಯ ಇಳಕಲ್ ಸೀರೆಯ ಸೆರಗಿದೆ, ನಡುವಿನಲ್ಲಿ ನಾನು ಶಾಲೆಗೆ ಹಾಕಿಕೊಂಡು ಹೋದ ಯೂನಿಫಾರಂ ಲಂಗದ ಚೌಕ ಇದೆ. ಅವ್ವನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ, ಹೊಲಿಗೆಯನ್ನು ಅವಳು ಬೆರಳಿನಿಂದ ಮುಟ್ಟಿ ಮುಟ್ಟಿ ಹಾಕಿದಳು. ಮುಗಿಸಿದ ದಿನ, “ಇನ್ನ ನನ್ನ ಕೈಲಿ ಆಗಂಗಿಲ್ಲವ್ವ, ಇದಾ ಕಡೀದು” ಎಂದು ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು. ನನಗೆ ಅಳು ಬಂತು, ಅತ್ತುಬಿಟ್ಟೆ.

ಕೂಸನ್ನು ನೋಡಲು ಬಂದಿದ್ದ ಯಜಮಾನರು, ಬಸ್ಸಿನಲ್ಲಿ ನನಗೆ ಹೊರೆಯಾಗದಿರಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ, ನನ್ನ ಗಂಟುಮೂಟೆಗಳನ್ನು ಮುಂಚಿತವಾಗಿ ಕೊಟ್ಟೂರಿಗೆ ಒಯ್ದರು. ಕೌದಿ ಅದರಲ್ಲಿತ್ತು. ತಿಂಗಳಾದ ಮೇಲೆ ನಾನು ಮಗಳನ್ನೆತ್ತಿಕೊಂಡು ಬಂದು, ಗಂಟು ಬಿಚ್ಚಿ, ಕೌದಿ ಎಲ್ಲಿ ಎಂದು ಕೇಳಿದಾಗ ಅವರ ಮುಖ ಹೊಸ ಬಲ್ಬು ಹಾಕಿದಂತೆ ಬೆಳಗಿತು. “ಆ ಹಳೇ ಬಟ್ಟೀನಾ? ಎಡಗಡಿ ಪೆಟಿಗಿಯೊಳಗ ಐತಿ. ನೀ ಒಮ್ಮಿ ಕುಂತು ಕೇಳು, ಏನ್ ಚಂದ ಕೇಳಸ್ತೈತಿ ಅಂತೀನಿ!” ಎಂದರು. ಖಾಲಿ ಪೆಟ್ಟಿಗೆಯಲ್ಲಿ ದನಿಯು ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತದಂತೆ, ಒಳಗೆ ಏನಾದರೂ ಮೆತ್ತಗಿನದು ತುಂಬಬೇಕಂತೆ. ದಿಂಬಿನ ಹತ್ತಿ ಹಾಕಿ ನೋಡಿದರಂತೆ, ದನಿ ಸತ್ತಿತು. ಸ್ಪಂಜು ಹಾಕಿದರಂತೆ, ಮೂಗಿನಲ್ಲಿ ಮಾತಾಡಿತು. ಕೌದಿಯನ್ನು ಮಡಿಚಿ ತುರುಕಿದ ಗಳಿಗೆಯಲ್ಲಿ ತಾವು ಬಾಯಿಬಿಟ್ಟು ಹಾಡಿದಿರಂತೆ.

ಯಾಕೆ ಹಾಡುವುದಿಲ್ಲ, ಮಾನ್ಯರೇ? ಮೂರು ತಲೆಮಾರಿನ ಹೆಂಗಸರ ಬಟ್ಟೆ ಹೊಟ್ಟೆಗೆ ಬಿದ್ದರೆ ಕಲ್ಲುಗುಂಡೂ ಹಾಡೀತು.

ಮುಂಭಾಗದ ಸ್ಕ್ರೂಗಳನ್ನು ಬಿಚ್ಚಿ, ಸ್ಪೀಕರನ್ನು ಹೊರಗೆಳೆದು, ಆ ದುಂಡು ತೂತಿನಿಂದ ಕೌದಿಯನ್ನು ತೆಗೆದುಕೊಡಿ ಎಂದು ಕೇಳಿದ್ದಕ್ಕೆ, ಬಾಣಂತಿ ಏನೋ ಕೇಳಬಾರದ್ದನ್ನು ಕೇಳಿದಳು ಎಂಬಂತೆ ನೋಡಿದರು. “ಒಂದು ಎಳಿ ಆಚೀಚಿ ಸರದ್ರೂ ಎಲ್ಲಾ ಕೆಟ್ಟೋಗತೈತಿ” ಎಂದರು. ಭಾನುವಾರಗಳಂದು ತಮ್ಮ ದರ್ಶನಕ್ಕೆ ಬರುವ ರಾಜಾಸಾಬ್ ಅವರೂ, ಹರಪನಹಳ್ಳಿಯಿಂದ ಬರುವ ಇವರ ಗೆಳೆಯ ಮಂಜಣ್ಣನವರೂ ಅದಕ್ಕೆ ತಲೆಯಾಡಿಸಿದರು. ಮೂವರೂ ಕಣ್ಣುಮುಚ್ಚಿ, ಗಲ್ಲಕ್ಕೆ ಕೈಕೊಟ್ಟು ಕೂತು ಕೇಳಿ, ಎಡಗಡೆಯದು ಕೆನೆಮೊಸರು, ಬಲಗಡೆಯದು ಬರೀ ಮಜ್ಜಿಗೆ ಎಂದು ತೀರ್ಪು ಕೊಟ್ಟರು. ತೀರ್ಪು ಕೇಳಿದ ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದು, ಸಕ್ಕರೆಯಂಥ ದನಿಯಲ್ಲಿ ಕೇಳಿದರು: “ಕೋಮಲಾ, ನಿಮ್ಮವ್ವನ ಹಂತೇಕ ಇನ್ನೊಂದು ಕೌದಿ ಐತೇನು?”

ನಾನು ಆಗ ರೊಟ್ಟಿ ಬಡಿಯುತ್ತಿದ್ದೆ. ಆ ರೊಟ್ಟಿ ಎಷ್ಟು ತೆಳ್ಳಗಾಯಿತೆಂದರೆ ಅದರಾಚೆ ಇವರ ಮುಖ ಕಾಣುತ್ತಿತ್ತು.

ಇನ್ನು ತಮ್ಮ ಆಸ್ಥಾನದ ಕಟ್ಟಳೆಗಳ ವಿಚಾರ. ಹಾಲ್‌ನಲ್ಲಿ ತಾವು ನಿಂತ ಜಾಗಕ್ಕೆ ಸೀಮೆಸುಣ್ಣದ ಗೆರೆ ಇದೆ. ಕಸ ಗುಡಿಸುವಾಗ ನಾನು ಅದನ್ನು ದಾಟಬಾರದು. ಎದುರಿಗೆ ಒಂದೇ ಕುರ್ಚಿ, ಅಲ್ಲಿ ಕೂತವರಿಗೆ ಮಾತ್ರ ಸಂಗೀತ ಸರಿಯಾಗಿ ಸಿಗುತ್ತದಂತೆ; ಉಳಿದ ಮನೆಯವರಿಗೆ ಸದ್ದು ಮಾತ್ರ. ತೊಟ್ಟಿಲಿನ ಕೊಂಡಿ ಆ ಕುರ್ಚಿಗೂ ತಮಗೂ ನಡುವೆ ಇರುವುದರಿಂದ, ಕೂಸು ದನಿಗೆ ಅಡ್ಡ ಬರುತ್ತದೆಂದು ತೊಟ್ಟಿಲನ್ನು ಅಡುಗೆಮನೆಗೆ ಸಾಗಿಸಲಾಗಿದೆ. ತಮ್ಮ ಪರೀಕ್ಷೆಗಾಗಿ ಫೋನಿನಿಂದ ‘ಊಂ’ ಎಂದು ಕೆಳಗಿನಿಂದ ಶುರುವಾಗಿ ‘ಈಂ’ ಎಂದು ಮೇಲೇರುವ ಸದ್ದೊಂದನ್ನು ಬಿಡುತ್ತಾರೆ. ಆಗ ಗೋಡೆಯ ಮೇಲಿನ ಬುದ್ಧನ ಪಟ ಟರ್ರೆಂದು ನಡುಗುತ್ತದೆ, ಮಗಳು ಬೆಚ್ಚಿ ಅಳುತ್ತಾಳೆ. ಪಟ ನಡುಗದಂತೆ ಅದರ ಹಿಂದೆ ರಬ್ಬರಿನ ತುಂಡು ಇಟ್ಟಿದ್ದಾರೆ. ಅಳುವ ಮಗಳಿಗೆ ಇನ್ನೂ ಏನೂ ಕಂಡುಹಿಡಿದಿಲ್ಲ. ಬುದ್ಧರು ಮೊದಲಿನಂತೆ ಕಣ್ಣುಮುಚ್ಚಿಕೊಂಡೇ ಇದ್ದಾರೆ.

ಬರುವ ಭಾನುವಾರ ಅವ್ವ ಮೊಮ್ಮಗಳನ್ನು ನೋಡಲು ಬರುವವಳಿದ್ದಾಳೆ. ಬಂದವಳು ನೀರು ಕುಡಿಯುವುದಕ್ಕೂ ಮೊದಲು ಕೂಸಿನ ಕೆಳಗೆ ಕೈಯಾಡಿಸುತ್ತಾಳೆ, ನನಗೆ ಗೊತ್ತು. ಅವಳ ಬೆರಳಿಗೆ ಅಂಗಡಿಯ ಬೆಡ್‌ಶೀಟು ಸಿಕ್ಕರೆ ನಾನು ಏನು ಹೇಳಲಿ? ಅವಳ ಕಡೆಯ ಕೌದಿ ದನಿಯ ಹದಕ್ಕೆ ಹೋಯಿತು ಎಂದು ಹೇಳುವ ನಾಲಿಗೆ ನನಗಿಲ್ಲ. ಇವರ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿದೆ.

ಆದ ಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ದಯಮಾಡಿ ತಾವೇ ಒಮ್ಮೆ ಜೋರಾಗಿ ಕೆಮ್ಮಿ ಕೌದಿಯನ್ನು ಹೊರಗೆ ಹಾಕಬೇಕು. ಅದು ತಮ್ಮ ಘನತೆಗೆ ಕುಂದು ಎನ್ನಿಸಿದರೆ, ಭಾನುವಾರ ಅವ್ವ ಬಾಗಿಲಿಗೆ ಬರುತ್ತಿದ್ದಂತೆ ಗೆರೆ ದಾಟಿ ಎದ್ದು ಹೋಗಿ, ಕಾಲಿಗೆ ನೀರು ಕೊಟ್ಟು, ನಡೆದದ್ದನ್ನು ತಮ್ಮ ಒಂದೇ ಬಾಯಿಂದ ದಪ್ಪ ಸಣ್ಣ ಎಲ್ಲ ದನಿಯಲ್ಲೂ ಹೇಳಿ ಕ್ಷಮೆ ಕೇಳಬೇಕು. ಅದೂ ಆಗದೆಂದರೆ ಕೂಸನ್ನೇ ಒಳಗೆ ಮಲಗಿಸಿಕೊಳ್ಳಿ. ಕೌದಿ ಹೇಗೂ ಅಲ್ಲೇ ಇದೆ, ಬೆನ್ನಿಗೆ ಗಾಳಿಯಾಡಲು ಪೈಪೂ ಇದೆ, ದಿನವೂ ಬಂದು ಒರೆಸುವ ಅಪ್ಪನೂ ಅವಳಿಗೆ ಸಿಕ್ಕಂತಾಗುತ್ತದೆ.

ತಮ್ಮ ಗೆರೆಯ ಈಚೆ ಕಸಬರಿಗೆ ಹಿಡಿದು ನಿಂತಿರುವ,
ತಮ್ಮ ವಿಶ್ವಾಸಿ,
ಕೋಮಲಾ

ತಾ.ಕ.: ಗುರುವಾರದವರೆಗೂ ತಮ್ಮಿಂದ ಉತ್ತರ ಬರಲಿಲ್ಲ. ಅಂದು ಯಜಮಾನರು ತಮಗೆ ಒಳ್ಳೆಯ ತಾಮ್ರದ ವೈರು ತರಲೆಂದು ಹೊಸಪೇಟೆಗೆ ಹೋದಾಗ, ಸ್ಕ್ರೂಡ್ರೈವರ್ ತೆಗೆದುಕೊಂಡು ತಮ್ಮ ಸ್ಕ್ರೂಗಳನ್ನು ಬಿಚ್ಚಿದವಳು ನಾನೇ. ಕೌದಿಯನ್ನು ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ. ತಮ್ಮ ಹೊಟ್ಟೆ ಬರಿದಾಗಬಾರದೆಂದು, ಬೀರುವಿನಲ್ಲಿ ಡಾಂಬರು ಗುಳಿಗೆಯ ಜೊತೆ ಮಲಗಿದ್ದ ಯಜಮಾನರ ಮದುವೆಯ ಕೋಟನ್ನು ಮಡಿಚಿ ತುಂಬಿ, ಎಲ್ಲವನ್ನೂ ಇದ್ದಂತೆ ಬಿಗಿದೆ. ಭಾನುವಾರ ಹೊಸ ವೈರಿನಲ್ಲಿ ತಮ್ಮ ಕಛೇರಿ ನಡೆಯಿತು. ಮಂಜಣ್ಣನವರು “ಎಡಗಡೇದು ಇವತ್ತು ಇನ್ನೂ ಅರಳೈತೆ ಕಣ್ರೀ” ಎಂದರು, ಯಜಮಾನರು “ಎಲ್ಲಾ ವೈರಿನ ಗುಣ” ಎಂದರು, ರಾಜಾಸಾಬ್ ಅವರು ಹೌದೆಂದರು. ಅವ್ವ ಬಂದವಳೇ ತಮ್ಮ ಗೆರೆಯ ಮೇಲೆಯೇ ಕೌದಿ ಹಾಸಿ ಮೊಮ್ಮಗಳನ್ನು ಮಲಗಿಸಿ, ಮೂಸಿ ನೋಡಿ, “ಇದ್ಯಾಕವ್ವ ಬಡಗೇರ ಅಂಗಡಿ ವಾಸನಿ ಹೊಡಿತೈತಿ?” ಎಂದಳು. ಕೌದಿ ಯಜಮಾನರ ಕಾಲ ಬುಡದಲ್ಲೇ ಇತ್ತು. ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು. “ಪಾಪ, ಅಳಿಯಂದ್ರಿಗೆ ರಾತ್ರಿ ನಿದ್ದಿ ಆಗಿಲ್ಲೇನು?” ಎಂದು ಅವ್ವ ನನ್ನನ್ನು ಕೇಳಿದಳು.

ಬರುವ ತಿಂಗಳು ಇವರ ತಮ್ಮನ ಮದುವೆ ಇದೆ. ಕೋಟು ಎಲ್ಲಿ ಎಂದು ಬೀರುವಿನ ಮುಂದೆ ನಿಂತು ಕೂಗಾಡಿದರೆ, ಒಂದು ಎಳೆಯೂ ಆಚೀಚೆ ಸರಿಯಬಾರದೆಂದು ತಾವೇ ತಿಳಿಹೇಳಿ. ಅದರ ಪ್ಯಾಂಟನ್ನು ನಾನು ಬಲಗಡೆಯವರಿಗೆ ಎತ್ತಿಟ್ಟಿದ್ದೇನೆ.